ಒಂಬತ್ತನೆಯ ಶಿಖರ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಿದ್ದ ವಾರಿಜಾಕ್ಷಿ ಮೇಡಂ. ಸಿಲಬಸ್ಸು ಮುಗಿಸುವುದೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಅವರು ಶ್ರದ್ಧೆಯಿಂದ ಮಾಡುತ್ತಿದ್ದರು.

ನದಿ ದಂಡೆಯ ಆಶ್ರಮವೊಂದರಲ್ಲಿ ಚೆನ್ನವೀರಯ್ಯ ಎಂಬ ಗುರುಗಳಿದ್ದರು. ಮಂತ್ರ ಹೇಳಿಕೊಡುವವರಲ್ಲ, ನಕ್ಷೆ ಬರೆಯುವುದನ್ನು ಹೇಳಿಕೊಡುವವರು.

ಹರೆಯದಲ್ಲಿ ಅವರು ದಕ್ಷಿಣ ಧ್ರುವದ ಕಡೆ ಹೋಗಿ, ಯಾರೂ ಅಳೆಯದ ಪರ್ವತಸಾಲೊಂದನ್ನು ಅಳೆದು ಬಂದಿದ್ದರು. ಎಂಟು ಶಿಖರಗಳನ್ನು ಹತ್ತಿರದಿಂದ ಅಳೆದರು. ಒಂಬತ್ತನೆಯದು ದೂರದಿಂದ ಕಂಡಿತು, ಎಲ್ಲಕ್ಕಿಂತ ಎತ್ತರದ್ದು. ಅಷ್ಟರಲ್ಲಿ ತಿನ್ನಲು ತಂದದ್ದು ಮುಗಿಯುತ್ತ ಬಂತು. ಹಿಂದಿರುಗಿದರು. ನಕ್ಷೆಯಲ್ಲಿ ಒಂಬತ್ತನ್ನೂ ಬರೆದರು.

ಆಮೇಲೆ ನಲವತ್ತು ವರ್ಷ ಅವರ ಜೀವವೆಲ್ಲ ಆ ಒಂಬತ್ತನೆಯದರ ಮೇಲೇ. ಊಟದ ನಡುವೆ ತುತ್ತು ತಡೆದು, "ಅದರ ಬುಡಕ್ಕಾದರೂ ಹೋಗಬೇಕಿತ್ತು" ಅನ್ನುವರು.

ಶಿಷ್ಯೆ ಕಾತ್ಯಾಯಿನಿಗೂ ಅದೇ ಹುಚ್ಚು ಹತ್ತಿತು. ಗುರುಗಳ ಕಾಲು ಸೋತಿತ್ತು. ತಂಡವೊಂದರ ಜೊತೆ ಅವಳೇ ಹೊರಟಳು.

ಒಂದೂವರೆ ವರ್ಷದ ಮೇಲೆ ಮರಳಿದಳು. ಎರಡು ಬೆರಳುಗಳ ತುದಿ ಹಿಮಕ್ಕೆ ಕಪ್ಪಾಗಿತ್ತು.

ಗುರುಗಳು ಬೆರಳು ಹಿಡಿದು ನೋಡಿದರು.

"ನೋಯುತ್ತಾ?"

"ಇಲ್ಲ."

"ನೋಯದಿದ್ದರೇ ಕಷ್ಟ. ನಾಳೆ ಡಾಕ್ಟರಿಗೆ ತೋರಿಸು."

ಆಮೇಲೆ ಮೆಲ್ಲಗೆ ಕೇಳಿದರು. "ಒಂಬತ್ತನೆಯದು ಹೇಗಿದೆ?"

ಅಲ್ಲಿ ಏನೂ ಇರಲಿಲ್ಲ. ಎಂಟನೆಯದರ ಆಚೆ ನಾಲ್ಕು ದಿನ ನಡೆದಿದ್ದಳು. ಬರೀ ಮಟ್ಟಸ ಹಿಮ. ಅಲ್ಲಿನ ಥಂಡಿ ಗಾಳಿ ಬೆಳಕನ್ನು ಬಾಗಿಸಿ, ಬಯಲಿನ ಅಂಚಿನಲ್ಲಿ ಇಲ್ಲದ ಬೆಟ್ಟವನ್ನು ಎಬ್ಬಿಸಿ ನಿಲ್ಲಿಸುತ್ತದೆ. ಅದನ್ನು ನಂಬಿ ನಕ್ಷೆ ಬರೆದವರು ಗುರುಗಳೊಬ್ಬರೇ ಅಲ್ಲ.

ಎಪ್ಪತ್ತು ದಾಟಿದವರಿಗೆ ಇದನ್ನು ಯಾವ ಬಾಯಿಂದ ಹೇಳುವುದು?

"ಭವ್ಯವಾಗಿದೆ, ಗುರುಗಳೇ," ಅಂದಳು. ತನ್ನ ನಕ್ಷೆ ಬಿಡಿಸಿ ಹಾಸಿದಳು. ಒಂಬತ್ತೂ ಇದ್ದವು.

ಗುರುಗಳು ಕನ್ನಡಕ ಏರಿಸಿದರು.

"ಮೂರನೆಯದರಲ್ಲಿ ಹನ್ನೆರಡು ಅಡಿ ತಪ್ಪಿದ್ದೆ, ತಿದ್ದಿದ್ದೀಯ. ಆರನೆಯದನ್ನೂ ತಿದ್ದಿದ್ದೀಯ. ಹತ್ತಿರ ನಿಂತು ಅಳೆದದ್ದರಲ್ಲೇ ತಪ್ಪಾಗಿದೆ. ದೂರದಿಂದ ನೋಡಿ ಬರೆದ ಒಂಬತ್ತನೆಯದು ಮಾತ್ರ ಒಂದಡಿಯೂ ಆಚೀಚೆ ಇಲ್ಲ. ನಾನು ಅಷ್ಟು ಜಾಣನಾ?"

ಅವಳು ತಲೆ ತಗ್ಗಿಸಿದಳು.

"ಅದು ಇಲ್ಲ, ಅಲ್ಲವಾ?"

"ಇಲ್ಲ, ಗುರುಗಳೇ. ಬರೀ ಹಿಮ."

ಅವರು ನಕ್ಷೆಯ ಒಂಬತ್ತನೆಯದರ ಮೇಲೆ ಬೆರಳಿಟ್ಟರು.

"ನಿಮ್ಮ ನಲವತ್ತು ವರ್ಷ..." ಅಂದಳು ಕಾತ್ಯಾಯಿನಿ.

"ನಿನಗೂ ಕಂಡಿತಾ?"

"ಮೊದಲ ದಿನವೇ ಕಂಡಿತು. ಎರಡನೇ ದಿನಕ್ಕೆ ಸುಳ್ಳು ಅಂತ ಗೊತ್ತಾಯಿತು. ಆದರೂ ಇನ್ನೆರಡು ದಿನ ಅದರ ಕಡೆಗೇ ನಡೆದೆ."

"ಹೇಗಿತ್ತು?"

"ನೀವು ಹೇಳುತ್ತಿದ್ದ ಹಾಗೇ. ಬುಡ ನೀಲಿ, ತುದಿಯಲ್ಲಿ ತುಸು ಕೆಂಪು."

ಗುರುಗಳು ಬ್ಲೇಡು ತಂದು ಅವಳ ನಕ್ಷೆಯಿಂದ ಒಂಬತ್ತನೆಯ ಶಿಖರವನ್ನು ಹೆರೆದು ತೆಗೆದರು. ಪುಡಿ ಊದಿದರು. ಆಮೇಲೆ ಎಂಟನೆಯದರ ಹೆಗಲ ಮೇಲೆ, ತಾವು ಅಂದು ನಿಂತಿದ್ದ ಜಾಗದಲ್ಲಿ, ಸಣ್ಣದೊಂದು ಚುಕ್ಕೆಯಿಟ್ಟರು.

"ಮುಂದೆ ಹೋಗುವವರಿಗೆ ಹೇಳು, ತಾಯಿ. ಅವರೂ ತಮ್ಮ ನಂತರದವರಿಗೆ ಹೇಳಲಿ. ಇಲ್ಲಿ ನಿಂತರೆ ಇಲ್ಲದ ಬೆಟ್ಟವೊಂದು ಕಾಣಿಸುತ್ತೆ, ನೋಡದೆ ಬರಬೇಡಿ ಅಂತ."