ಊರಿನ ಹೊಗೆಗೆ ಇಟ್ಟ ಬಹುಮಾನ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ಕಲ್ಲಿದ್ದಲು ಸುಡದೆ, ಗಾಳಿ ಕೆಡಿಸದೆ ಶಕ್ತಿ ತೆಗೆಯುವ ಹೊಸ ಉಪಾಯ ಕಂಡುಹಿಡಿದವರಿಗೆ ಸರ್ಕಾರ ದೊಡ್ಡ ಬಹುಮಾನ ಸಾರಿದೆ. ನನ್ನ ಜೊತೆ ಓದಿದವರೆಲ್ಲ ಊಟ ನಿದ್ದೆ ಬಿಟ್ಟು ಅದರ ಹಿಂದೆ ಬಿದ್ದಿದ್ದಾರೆ. ಹಣದ ಆಸೆಯಿಂದ ಹೊರಟವನ ಕೈಯಿಂದ ಲೋಕಕ್ಕೆ ಒಳ್ಳೆಯದಾಗುವುದುಂಟೇ?"

ಗುರುಗಳು ನಕ್ಕರು. "ಕೂತುಕೋ. ಒಬ್ಬ ಕುಂಬಾರನ ಕತೆ ಹೇಳುತ್ತೇನೆ. ಅವನಿಗೂ ಆಸೆಯಿತ್ತು, ಬೇಕಾದಷ್ಟಿತ್ತು" ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ರಾಜನಿದ್ದ. ಒಳ್ಳೆಯವನೇ, ಆದರೆ ಕೆಮ್ಮು ಅವನನ್ನು ಬಿಟ್ಟಿರಲಿಲ್ಲ. ಮನೆಮನೆಯ ಒಲೆಯಿಂದ ಎದ್ದ ಹೊಗೆ ಬೆಳಗಾದರೆ ಕೋಟೆಯೊಳಗೆ ಬಂದು ಕೂರುತ್ತಿತ್ತು. ಊರಿನ ಹೆಂಗಸರು ಕಣ್ಣೊರೆಸಿಕೊಂಡೇ ಅನ್ನ ಬಸಿಯುತ್ತಿದ್ದರು. ಸೌದೆಗೆಂದು ಕಡಿದು ಕಡಿದು ಊರ ಮುಂದಿನ ಗುಡ್ಡ ಬೋಳಾಗಿತ್ತು. ರಾಜ ಡಂಗುರ ಹೊಡೆಸಿದ. ಸೌದೆ ಕಡಿಮೆ ತಿಂದು ಹೊಗೆಯನ್ನೂ ಬಿಡದ ಒಲೆ ಮಾಡಿದವರಿಗೆ ಬೊಗಸೆ ತುಂಬ ಚಿನ್ನ ಕೊಡುವುದಾಗಿ ಸಾರಿದ.

ಡಂಗುರ ಕೇಳಿದ ಕುಂಬಾರನೊಬ್ಬನಿಗೆ ನಿದ್ದೆ ಹಾರಿಹೋಯಿತು. ಅವನ ಹೆಂಡತಿ ದಿನವೂ ಕೆರೆಯಂಗಳದಿಂದ ಹಸಿ ಮಣ್ಣನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದಳು. ಚಿನ್ನ ಸಿಕ್ಕರೆ ಒಂದು ಗಾಡಿ, ಒಂದು ಜೊತೆ ಎತ್ತು ಕೊಳ್ಳಬೇಕು, ಅವಳ ತಲೆಯ ಮೇಲಿನ ಬುಟ್ಟಿ ಇಳಿಸಬೇಕು ಎಂಬುದೇ ಅವನ ಆಸೆ. ಹೆಂಡತಿಯೆಂದರೆ ಅವನಿಗೆ ಪ್ರಾಣ. ಅದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಮಾತ್ರ ಇರಲಿಲ್ಲ.

ಅವನು ಹೆಂಡತಿಯ ಒಲೆಯ ಮುಂದೆ ಕೂತು ಹೊಗೆಯನ್ನೇ ನೋಡಿದ. ಬೆಂಕಿಗೆ ಸಿಗದೆ ತಪ್ಪಿಸಿಕೊಂಡ ಸೌದೆಯೇ ಹೊಗೆಯಾಗಿ ಹೋಗುತ್ತಿದೆ ಎಂದು ಅವನಿಗೆ ಹೊಳೆಯಿತು. ಹಾಗಾದರೆ ಹೊಗೆಯನ್ನೂ ಸುಡಬೇಕು. ಒಲೆಯ ಒಳಗೆ ಇನ್ನೊಂದು ಗೋಡೆ ಕಟ್ಟಿದ, ಬುಡದಲ್ಲಿ ಗಾಳಿಗೆ ತೂತು ಬಿಟ್ಟ. ಹತ್ತಾರು ಒಲೆ ಒಡೆದವು. ಕೊನೆಗೆ ಒಂದೇ ಹಿಡಿ ಒಣ ಪುಳ್ಳೆ ಇಟ್ಟರೆ ಸಾರು ಕುದಿಸುವ ಒಲೆ ಕೈಗೆ ಬಂತು, ಹೊಗೆ ಹೆಸರಿಗೂ ಇರಲಿಲ್ಲ. ಅವನು ಅದನ್ನು ಹೊತ್ತು ಅರಮನೆಯ ಅಂಗಳಕ್ಕೆ ನಡೆದ.

ಅಲ್ಲಿ ಒಬ್ಬ ವರ್ತಕ ಹಿತ್ತಾಳೆಯ ಒಲೆ ತಂದಿದ್ದ. ಅದಕ್ಕೆ ಗಾಳಿ ಊದುವ ತಿದಿ ಒತ್ತಲು ಒಬ್ಬ ಆಳು, ಉಜ್ಜಿ ಹೊಳೆಸಲು ಇನ್ನೊಬ್ಬ. ಹೊಗೆಯ ಎಳೆಯೂ ಕಾಣಲಿಲ್ಲ. ಅದರ ಹೊಳಪಿನ ಮುಂದೆ ಮಣ್ಣಿನ ಒಲೆಯತ್ತ ಯಾರೂ ನೋಡಲಿಲ್ಲ, ಬಹುಮಾನ ವರ್ತಕನಿಗೆ ಹೋಯಿತು. ಕುಂಬಾರ ಒಲೆಯನ್ನು ಹೊತ್ತುಕೊಂಡು ಹೋದ ದಾರಿಯಲ್ಲೇ ವಾಪಸ್ಸು ಬಂದ.

ಆದರೆ ಹಿತ್ತಾಳೆಯ ಒಲೆ ಕೊಳ್ಳುವ ಶಕ್ತಿ ಊರಲ್ಲಿ ಯಾರಿಗಿತ್ತು? ಅದು ಅರಮನೆಯ ಉಗ್ರಾಣದಲ್ಲಿ ಹೊಳೆಯುತ್ತ ಕೂತಿತು. ಊರು ಹೊಗೆಯಾಡುತ್ತಲೇ ಇತ್ತು, ರಾಜ ಕೆಮ್ಮುತ್ತಲೇ ಇದ್ದ. ತಾನು ಚಿನ್ನ ಕೊಟ್ಟದ್ದು ಒಂದು ಒಲೆಗೆ, ಊರಿಗಲ್ಲ ಎಂದು ರಾಜನಿಗೆ ಅರಿವಾಯಿತು. ತಪ್ಪು ತನ್ನದೇ ಎಂದು ಒಪ್ಪಿಕೊಂಡು ಮತ್ತೆ ಡಂಗುರ ಹೊಡೆಸಿದ. "ಈ ಸಲ ಅಂಗಳದಲ್ಲಿ ಪರೀಕ್ಷೆ ಇಲ್ಲ. ಮುಂದಿನ ಯುಗಾದಿಯ ಬೆಳಿಗ್ಗೆ ಕೋಟೆಯ ಮೇಲೆ ನಿಂತು ನೋಡುತ್ತೇನೆ. ಯಾರ ಒಲೆಯಿಂದ ಊರಿನ ಹೊಗೆ ಹೋಗಿದೆಯೋ ಚಿನ್ನ ಅವರಿಗೆ."

ಕುಂಬಾರ ಕುಣಿದಾಡಿದ. ತನ್ನ ಮನೆಗಳಿಗೆಲ್ಲ ಒಲೆ ಮಾಡಿ ಕೊಟ್ಟ. ತನ್ನ ಮನೆಗಳು ಎಂದೆನಲ್ಲ, ಆ ಊರಿನ ಕುಂಬಾರರಲ್ಲಿ ಒಂದು ಕಟ್ಟುಪಾಡಿತ್ತು. ಒಬ್ಬೊಬ್ಬ ಕುಂಬಾರನಿಗೆ ಇಂತಿಂಥ ಮನೆ ಎಂದು ಹಿರಿಯರು ಹಂಚಿದ್ದರು. ಆ ಮನೆಗಳಿಗೆ ಮಡಕೆ ಕುಡಿಕೆ ಕೊಡುವವನು ಅವನೇ, ಸುಗ್ಗಿಯಲ್ಲಿ ಅಲ್ಲಿ ಕಾಳು ಪಡೆಯುವವನೂ ಅವನೇ. ಇನ್ನೊಬ್ಬನ ಮನೆಗೆ ಒಂದು ಮುಚ್ಚಳ ಕೊಟ್ಟರೂ ಪಂಚಾಯ್ತಿ ಸೇರುತ್ತಿತ್ತು. ನಮ್ಮ ಕುಂಬಾರ ಆಚೆ ಬೀದಿಯ ಒಂದು ಮನೆಗೆ ಗುಟ್ಟಾಗಿ ಒಲೆ ಇಟ್ಟು ಬಂದ. ಬೆಳಗಾಗುವಷ್ಟರಲ್ಲಿ ಆ ಒಲೆ ಅವನ ಬಾಗಿಲ ಮುಂದೆ ಬಂದು ಕೂತಿತ್ತು.

ಅವನು ಚಕ್ರದ ಮುಂದೆ ಕೈಕಟ್ಟಿ ಕೂತ. ಒಲೆಯ ಗುಟ್ಟನ್ನು ಉಳಿದ ಕುಂಬಾರರಿಗೆ ಬಿಟ್ಟುಕೊಟ್ಟರೆ ಅದು ಎಲ್ಲರದೂ ಆಗುತ್ತದೆ, ಚಿನ್ನ ಕೈತಪ್ಪುತ್ತದೆ. ಬಿಟ್ಟುಕೊಡದಿದ್ದರೆ ಊರಿನ ಹೊಗೆ ಹೋಗುವುದಿಲ್ಲ, ಆಗಲೂ ಚಿನ್ನ ಕೈತಪ್ಪುತ್ತದೆ. ಅವನ ಮುಖ ನೋಡಿ ಹೆಂಡತಿಗೆ ನಗು ತಡೆಯಲಾಗಲಿಲ್ಲ.

"ಅಲ್ಲಾ, ನಮ್ಮ ಬೀದಿ ಹೊಗೆ ನಿಮ್ಮ ಮಾತು ಕೇಳ್ತು. ಆಚೆ ಬೀದಿ ಹೊಗೆಗೆ ನೀವೇ ಹೋಗಿ ಹೇಳ್ತೀರಾ, ಇಲ್ಲ ಆ ಬೀದಿ ಕುಂಬಾರರ ಕೈಲಿ ಹೇಳಿಸ್ತೀರಾ?" ಎಂದಳು.

"ಹೇಳಿಕೊಟ್ಟರೆ ಗಾಡಿ ಹೋಯ್ತು ಕಣೇ" ಎಂದ ಕುಂಬಾರ.

"ಹೇಳಿಕೊಡದೇ ಇದ್ರೆ ಬಂದುಬಿಡ್ತದಾ?"

ಮಾರನೆಯ ದಿನ ಅವನು ಕುಂಬಾರರ ಕೇರಿಯವರನ್ನೆಲ್ಲ ತನ್ನ ಅಂಗಳಕ್ಕೆ ಕರೆದ. ಒಳಗೋಡೆ ಹೇಗೆ ಕಟ್ಟಬೇಕು, ತೂತು ಎಲ್ಲಿ ಬಿಡಬೇಕು ಎಂದು ತೋರಿಸಿಕೊಟ್ಟ. ಸಂತೋಷದಿಂದ ಕೊಟ್ಟ ಎಂದು ನಾನು ಸುಳ್ಳು ಹೇಳುವುದಿಲ್ಲ.

ಕಲಿತವರು ಕಲಿತಷ್ಟಕ್ಕೇ ಸುಮ್ಮನಿರುವ ಜನವಲ್ಲ. ಒಬ್ಬ ಮಣ್ಣಿಗೆ ಭತ್ತದ ಹೊಟ್ಟು ಬೆರೆಸಿದ, ಒಲೆ ಬಿರುಕು ಬಿಡುವುದು ನಿಂತಿತು. ಇನ್ನೊಬ್ಬ ಮುದ್ದೆ ತಿರುವುವಾಗ ಮಡಕೆ ಅಲುಗದಂತೆ ಒಲೆಯ ಬಾಯಿಯನ್ನು ಅಗಲ ಮಾಡಿದ. ತನ್ನ ಒಲೆಯನ್ನು ತಿದ್ದಲು ಇವರು ಯಾರು ಎಂದು ನಮ್ಮ ಕುಂಬಾರನಿಗೆ ಸಿಟ್ಟು ಬಂತು. ಅಷ್ಟರಲ್ಲಿ ಅವನ ಮನೆಯ ಒಲೆಯೇ ಬಿರುಕುಬಿಟ್ಟಿತು. ಹೆಂಡತಿ ಹೋಗಿ ಪಕ್ಕದವನ ಒಲೆ ತಂದಿಟ್ಟಳು. ಕುಂಬಾರ ಮುಖ ಊದಿಸಿಕೊಂಡು ಕೂತ, ಊಟ ಮಾತ್ರ ಬಿಡಲಿಲ್ಲ. ಉಂಡು ಕೈತೊಳೆದವನೇ ಆ ಒಲೆಯನ್ನು ತಟ್ಟಿ ನೋಡಿದ, ಬಗ್ಗಿ ನೋಡಿದ. ಆಮೇಲೆ ತಾನೂ ಹೊಟ್ಟು ತರಲು ಹೊರಟ.

ಯುಗಾದಿ ಬಂತು. ರಾಜ ಕೋಟೆ ಹತ್ತಿ ನೋಡಿದರೆ ಊರ ಮೇಲೆ ಬರೀ ಬಿಸಿಲು, ಒಂದು ಎಳೆ ಹೊಗೆಯಿಲ್ಲ. ಅವನು ಗಾಬರಿಯಾದ. ಹಬ್ಬದ ದಿನ ಊರಿಗೆ ಊರೇ ಒಲೆ ಹಚ್ಚಿಲ್ಲವೆಂದರೆ ಏನೋ ಅನಾಹುತವಾಗಿರಬೇಕು ಎಂದುಕೊಂಡು ಕಾವಲಿನವರನ್ನು ಓಡಿಸಿದ. ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಒಬ್ಬೊಬ್ಬರ ತುಟಿಯಲ್ಲೂ ತುಪ್ಪ ಹೊಳೆಯುತ್ತಿತ್ತು. ಕಾವಲಿನ ಹಿರಿಯ ಬಾಯಲ್ಲಿದ್ದುದನ್ನು ನುಂಗಿಕೊಂಡು ರಾಜನ ಕೈಗೂ ಒಂದು ಬಿಸಿ ಹೋಳಿಗೆ ಇಟ್ಟ. ರಾಜನಿಗೆ ಅರ್ಥವಾಯಿತು. ಎದೆ ತುಂಬ ಉಸಿರೆಳೆದುಕೊಂಡ, ಕೆಮ್ಮು ಬರಲಿಲ್ಲ. ಕೋಟೆಯ ಮೇಲೆ ನಿಂತೇ ಹೋಳಿಗೆ ತಿಂದ.

ಕುಂಬಾರರ ಕೇರಿಯೆಲ್ಲ ಅರಮನೆಗೆ ಬಂತು. ಒಂದು ಒಲೆಯನ್ನು ಎದುರಿಗೆ ಇಟ್ಟುಕೊಂಡು ರಾಜ ಕೇಳಿದ: "ಇದು ಯಾರದು?"

ನಮ್ಮ ಕುಂಬಾರ ಮುಂದೆ ಬಂದ. ನನ್ನದು ಎಂಬ ಮಾತನ್ನು ಅವನು ವರ್ಷದಿಂದ ಬಾಯಲ್ಲೇ ಇಟ್ಟುಕೊಂಡಿದ್ದ. ಒಲೆಯನ್ನು ನೋಡಿದ. ಅದರಲ್ಲಿ ಹೊಟ್ಟಿತ್ತು, ಬಾಯಿ ಅಗಲವಿತ್ತು. ಕೇರಿಯವರೆಲ್ಲ ಅವನನ್ನೇ ನೋಡುತ್ತಿದ್ದರು.

"ಒಡೆಯಾ, ಮೊದಲು ಮಾಡ್ದೋನು ನಾನೇ. ಆದ್ರೆ ನಾನು ಮಾಡಿದ್ದು ಒಡೆದುಹೋಯ್ತು. ಒಡೀದೇ ಉಳಿದಿರೋದು ಇವರೆಲ್ಲ ಸೇರಿ ಮಾಡಿದ್ದು. ನನ್ನದು ಅಂದ್ರೆ ಸುಳ್ಳಾಯ್ತದೆ" ಎಂದ. ಒಂದು ಗಳಿಗೆ ತಡೆದು, "ಆದ್ರೂ ನನಗೊಂದು ಎತ್ತಿನ ಗಾಡಿ ಬೇಕೇ ಬೇಕು" ಎಂದ.

ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. ಬಹುಮಾನವನ್ನು ಇಡೀ ಕೇರಿಗೆ ಕೊಟ್ಟ. ಕೇರಿಯವರು ಮೊದಲು ಕೊಂಡದ್ದೇ ಗಾಡಿ, ಎತ್ತು. ಸರದಿಯ ಮೇಲೆ ಎಲ್ಲರ ಮನೆಗೂ ಮಣ್ಣು ಬರತೊಡಗಿತು. ಕುಂಬಾರನ ಸರದಿಯ ದಿನ ಅವನ ಹೆಂಡತಿ ಮಣ್ಣಿನ ರಾಶಿಯ ಮೇಲೆ ಕಾಲು ನೀಡಿ ಕೂತು ಊರೊಳಗೆ ಬಂದಳು. ಎತ್ತಿನ ಪಕ್ಕದಲ್ಲಿ ನಡೆಯುತ್ತಿದ್ದ ಕುಂಬಾರ ತಿರುಗಿ ತಿರುಗಿ ಅವಳನ್ನೇ ನೋಡುತ್ತಿದ್ದ. ಅಂಥ ಸುಖವನ್ನು ಅವನು ಹಿಂದೆಂದೂ ಕಂಡಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು. "ಹಾಗಾದರೆ ಗುರುಗಳೇ, ಕೊನೆಗೂ ಕುಂಬಾರನ ಆಸೆ ಕರಗಿತು" ಎಂದ.

"ಎಲ್ಲಿ ಕರಗಿತು? ಊರೆಲ್ಲ ಹಿಡಿಸುವಷ್ಟು ದೊಡ್ಡದಾಯಿತು" ಎಂದರು ಗುರುಗಳು.