ಖಾಲಿ ಚೀಲ ತಂದ ಸುದ್ದಿ

"ಮೇಡಂ, ನನ್ನ ವಿನ್ಯಾಸದಲ್ಲಿ ತಪ್ಪು ಎಲ್ಲಿದೆ?" ಎಂದು ತಿಪ್ಪೇಶ ಕೇಳಿದ.

ಅವನು ವಿಶ್ವವಿದ್ಯಾಲಯದಲ್ಲಿ ಪೂರೈಕೆ ಸರಪಳಿಯ ಶಾಸ್ತ್ರ ಓದುತ್ತಿದ್ದ. ಸರಕು ಹುಟ್ಟಿದ ಜಾಗದಿಂದ ಹೊರಟು ಬಳಸುವವರ ಕೈ ಸೇರುವ ತನಕ ಅದರ ದಾರಿಯನ್ನು ಹೇಗೆ ಕಟ್ಟಬೇಕು ಎಂಬುದು ಆ ಶಾಸ್ತ್ರದ ವಿಷಯ. ಕೊನೆಯ ವರ್ಷದ ಪ್ರಬಂಧಕ್ಕಾಗಿ, ಬೆಟ್ಟದ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಔಷಧಿ ಕಳಿಸುವ ಸರಪಳಿಯೊಂದನ್ನು ಅವನು ರೂಪಿಸಿದ್ದ. ಕಪಾಟಿನಲ್ಲಿ ಔಷಧಿ ಕಡಿಮೆಯಾದರೆ ಯಂತ್ರವೇ ಉಗ್ರಾಣಕ್ಕೆ ತಿಳಿಸುತ್ತದೆ. ಉಗ್ರಾಣದಿಂದ ತಾನಾಗಿಯೇ ಪೆಟ್ಟಿಗೆ ಹೊರಡುತ್ತದೆ. ಹಾಗಾಗಿ, ತಿಂಗಳಿಗೊಮ್ಮೆ ಕೇಂದ್ರಗಳಿಗೆ ಹೋಗಿ ಬರುತ್ತಿದ್ದ ಮೇಲ್ವಿಚಾರಕರ ಕೆಲಸವನ್ನು ಅವನು ತೆಗೆದುಹಾಕಿದ್ದ. ಪ್ರಾಧ್ಯಾಪಕಿ ವಾಗ್ದೇವಿ ಉಪಾಧ್ಯರು ಪ್ರಬಂಧವನ್ನು ಓದಿ, ಆ ಒಂದು ಸಾಲಿನ ಪಕ್ಕದಲ್ಲಿ ಗೆರೆ ಎಳೆದು ಹಿಂದಿರುಗಿಸಿದ್ದರು.

"ಅವರು ಅಲ್ಲಿಗೆ ಹೋಗಿ ಚಹಾ ಕುಡಿದು, ನಾಲ್ಕು ಮಾತಾಡಿ ಬರುತ್ತಾರೆ ಅಷ್ಟೇ. ಅವರಿಲ್ಲದಿದ್ದರೆ ಏನು ನಷ್ಟ?" ಎಂದ ತಿಪ್ಪೇಶ.

ಉಪಾಧ್ಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎದುರಿನ ಕುರ್ಚಿ ತೋರಿಸಿದರು. ಅವನು ಕುಳಿತ ಮೇಲೆ ಈ ಕತೆ ಹೇಳಿದರು.

ಒಂದು ರಾಜ್ಯದಲ್ಲಿ ಒಬ್ಬ ಉಗ್ರಾಣಾಧಿಕಾರಿ ಇದ್ದ. ಕಡಲತೀರದ ಉಗ್ರಾಣದಿಂದ ಬೆಟ್ಟದ ತುದಿಯ ಊರಿಗೆ ಉಪ್ಪು ಕಳಿಸುವುದು ಅವನ ಕೆಲಸ. ಆ ಊರಿಗೆ ಗಾಡಿಯ ದಾರಿಯಿರಲಿಲ್ಲ. ದಾರಿಯುದ್ದಕ್ಕೂ ಕಲ್ಲಿನ ಕಟ್ಟೆಗಳಿದ್ದವು. ಒಬ್ಬ ಹೊರೆಯಾಳು ಒಂದು ಕಟ್ಟೆಯಿಂದ ಮುಂದಿನ ಕಟ್ಟೆಗೆ ಉಪ್ಪಿನ ಚೀಲ ಹೊತ್ತು ತರುತ್ತಿದ್ದ. ಅಲ್ಲಿ ಇನ್ನೊಬ್ಬ ಅದನ್ನು ಹೆಗಲಿಗೇರಿಸಿಕೊಂಡು ಮುಂದಕ್ಕೆ ಹೋಗುತ್ತಿದ್ದ. ಹೀಗೆ ಕೈಯಿಂದ ಕೈಗೆ ದಾಟುತ್ತಾ ಉಪ್ಪು ಬೆಟ್ಟ ಹತ್ತುತ್ತಿತ್ತು. ಖಾಲಿಯಾದ ಚೀಲಗಳು ಅದೇ ದಾರಿಯಲ್ಲಿ ಕೆಳಗಿಳಿಯುತ್ತಿದ್ದವು.

ಆ ಊರಿಗೆ ಅಧಿಕಾರಿಯ ತಂಗಿಯನ್ನು ಕೊಟ್ಟಿದ್ದರು. ಅವಳ ಸುದ್ದಿಯೂ ಆ ದಾರಿಯಲ್ಲೇ ಬರುತ್ತಿತ್ತು. ತಂಗಿ ಬಸುರಿಯಂತೆ, ತಂಗಿಗೆ ಗಂಡು ಮಗುವಂತೆ, ಮಗು ಅಂಬೆಗಾಲಿಡುತ್ತಿದೆಯಂತೆ. ಹೊರೆಯಾಳುಗಳು ಕಟ್ಟೆಯ ಮೇಲೆ ಕುಳಿತು ಎಲೆಯಡಿಕೆ ಮೆಲ್ಲುತ್ತಾ ಒಬ್ಬರಿಗೊಬ್ಬರು ಹೇಳಿದ ಮಾತು, ಚೀಲಗಳ ಜೊತೆಗೆ ಉಗ್ರಾಣದ ಬಾಗಿಲಿಗೆ ಬಂದು ಮುಟ್ಟುತ್ತಿತ್ತು.

ಆದರೆ ಉಪ್ಪು ತಡವಾಗುತ್ತಿತ್ತು. ಒಬ್ಬನು ಬರುವ ತನಕ ಇನ್ನೊಬ್ಬ ಕಾಯಬೇಕಿತ್ತು. ಬಂದ ಮೇಲೆ ಮಾತು ಮುಗಿಯುವ ತನಕ ಮತ್ತೆ ಕಾಯಬೇಕಿತ್ತು. ಅಧಿಕಾರಿ ಬುದ್ಧಿವಂತ. ಅವನು ಯೋಚಿಸಿ ಒಂದು ಹೊಸ ಏರ್ಪಾಡು ಮಾಡಿದ. ಪ್ರತಿ ಕಟ್ಟೆಗೂ ಒಂದು ಗಂಟೆ ಕಟ್ಟಿಸಿದ. ಚೀಲ ತಂದವನು ಅದನ್ನು ಕಟ್ಟೆಯ ಮೇಲಿಟ್ಟು, ಅಲ್ಲಿರುವ ಖಾಲಿ ಚೀಲ ತೆಗೆದುಕೊಂಡು, ಗಂಟೆ ಬಾರಿಸಿ, ಹಿಂದಿರುಗಿ ನೋಡದೆ ಹೊರಡಬೇಕು. ಗಂಟೆ ಕೇಳಿದವನು ಬಂದು ಹೊತ್ತುಕೊಂಡು ಹೋಗಬೇಕು. ಯಾರೂ ಯಾರಿಗೂ ಕಾಯಬಾರದು. ನಿಂತು ಮಾತಾಡಿದವನಿಗೆ ಕೆಲಸವಿಲ್ಲ.

"ಊರಿನವರಿಗೆ ಎಷ್ಟು ಬೇಕು ಎಂದು ನಮಗೆ ಗೊತ್ತಾಗುವುದು ಹೇಗೆ?" ಎಂದು ಅರಸ ಕೇಳಿದ.

"ಖಾಲಿ ಚೀಲ ಬಂದರೆ ಬೇಕು ಎಂದು ಅರ್ಥ. ಬರದಿದ್ದರೆ ಬೇಡ ಎಂದು ಅರ್ಥ. ಅದಕ್ಕಿಂತ ಹೆಚ್ಚು ತಿಳಿದು ಆಗಬೇಕಾದ್ದೇನು, ಪ್ರಭು?" ಎಂದ ಅಧಿಕಾರಿ.

ಉಪ್ಪು ಬೇಗ ಬೇಗ ಬೆಟ್ಟ ಹತ್ತಿತು. ಅರಸ ಮೆಚ್ಚಿ ಅಧಿಕಾರಿಗೆ ಶಾಲು ಹೊದಿಸಿದ. ಬೇರೆ ರಾಜ್ಯಗಳವರು ಬಂದು ಆ ಏರ್ಪಾಡನ್ನು ನೋಡಿಕೊಂಡು ಹೋದರು. ತಂಗಿಯ ಸುದ್ದಿ ಬರುವುದು ನಿಂತಿತು. ಅಧಿಕಾರಿಗೆ ಮೊದಮೊದಲು ಅದು ಒಂದು ಕೊರತೆಯೆನಿಸಿತು. ಆಮೇಲೆ ಖಾಲಿ ಚೀಲ ಬಂದಾಗಲೆಲ್ಲ ಅವನು ಅದನ್ನು ಕೈಯಿಂದ ಮುಟ್ಟಿ ನೋಡುತ್ತಿದ್ದ. ತಂಗಿಯ ಮನೆಯಲ್ಲಿ ಒಲೆ ಉರಿಯುತ್ತಿದೆ, ಸಾರು ಕುದಿಯುತ್ತಿದೆ ಎಂದುಕೊಳ್ಳುತ್ತಿದ್ದ.

ಕೆಲವು ವರ್ಷ ಕಳೆದವು. ಪಂಚಮಿ ಹಬ್ಬಕ್ಕೆ ತಂಗಿ ತವರಿಗೆ ಬರಲಿಲ್ಲ. ಹೊಳೆ ತುಂಬಿರಬೇಕು ಎಂದುಕೊಂಡ. ಮರುವರ್ಷವೂ ಬರಲಿಲ್ಲ. ಮಕ್ಕಳು ಮರಿ, ಹೊರಡಲು ಪುರುಸೊತ್ತಿಲ್ಲ ಎಂದುಕೊಂಡ. ಚೀಲಗಳು ಮಾತ್ರ ತಪ್ಪದೆ ಬರುತ್ತಿದ್ದವು. ಮೊದಲು ಆ ಊರಿನ ಬೇಡಿಕೆ ಒಂದು ಕಾಲಕ್ಕೆ ಏರಿ ಇನ್ನೊಂದು ಕಾಲಕ್ಕೆ ಇಳಿಯುತ್ತಿತ್ತು. ಈಗ ಏರಿಳಿತವೇ ಇರಲಿಲ್ಲ. ಮಳೆಗಾಲದಲ್ಲಿ ಎಷ್ಟೋ ಬೇಸಿಗೆಯಲ್ಲೂ ಅಷ್ಟೇ. ತನ್ನ ಏರ್ಪಾಡು ಪಳಗಿತೆಂದು ಅಧಿಕಾರಿ ಹಿಗ್ಗಿದ.

ಒಂದು ದಿನ ಊಟಕ್ಕೆ ಕುಳಿತಾಗ ಅವನು ಈ ವಿಷಯವನ್ನು ಹೆಂಡತಿಗೆ ಹೇಳಿದ. ಅವಳು ಬಡಿಸುತ್ತಿದ್ದ ಕೈ ನಿಲ್ಲಿಸಿದಳು.

"ಮಾವಿನ ಮಿಡಿಯ ಕಾಲದಲ್ಲೂ ಅಷ್ಟೇ ಉಪ್ಪು ಹೋಗುತ್ತಿದೆಯೇ?"

"ಅಷ್ಟೇ."

"ಹಾಗಾದರೆ ಆ ಊರಿನಲ್ಲಿ ಈಗ ಯಾರೂ ಉಪ್ಪಿನಕಾಯಿ ಹಾಕುವುದಿಲ್ಲವೇ?"

ಅಧಿಕಾರಿ ಕೈಯಲ್ಲಿದ್ದ ತುತ್ತನ್ನು ಎಲೆಯಲ್ಲೇ ಬಿಟ್ಟು ಎದ್ದ. ಕೈ ತೊಳೆದು, ಚಪ್ಪಲಿ ಮೆಟ್ಟಿ, ಉಪ್ಪಿನ ದಾರಿ ಹಿಡಿದು ನಡೆದ.

ಆ ದಾರಿಯನ್ನು ಕಟ್ಟಿದವನು ಅವನೇ. ಆದರೆ ಹೊಸ ಏರ್ಪಾಡಾದ ಮೇಲೆ ಅವನು ಅದರಲ್ಲಿ ನಡೆದಿರಲಿಲ್ಲ. ಮುಂದೆ ಎಲ್ಲೋ ಗಂಟೆ ಕೇಳುತ್ತಿತ್ತು. ಕಟ್ಟೆಗೆ ಬಂದರೆ ಅಲ್ಲಿ ಯಾರೂ ಇಲ್ಲ. ಚೀಲ ಒಂದೇ ಕುಳಿತಿರುತ್ತಿತ್ತು. ಸ್ವಲ್ಪ ಹೊತ್ತಿಗೆ ಒಬ್ಬ ಆಳು ಪೊದೆಯ ಸಂದಿಯಿಂದ ಬಂದು, ನೆಲ ನೋಡುತ್ತಾ, ಚೀಲ ಎತ್ತಿಕೊಂಡು ಹೋಗುತ್ತಿದ್ದ. ಅಧಿಕಾರಿ ಕರೆದರೆ ನಡಿಗೆ ಬಿರುಸಾಗುತ್ತಿತ್ತು. ಒಬ್ಬನೂ ಮುಖ ತೋರಿಸಲಿಲ್ಲ.

ಕೊನೆಯ ಕಟ್ಟೆಗೆ ಹೊರುವವನನ್ನು ಅವನು ಅಡ್ಡಗಟ್ಟಿ ತೋಳು ಹಿಡಿದು ನಿಲ್ಲಿಸಿದ. ತಾನು ಯಾರೆಂದು ಹೇಳಿದ.

"ಮೇಲಿನ ಊರಿನವರನ್ನು ನೀನು ನೋಡಿ ಎಷ್ಟು ಕಾಲವಾಯಿತು?"

"ನಾನು ನೋಡೇ ಇಲ್ಲ, ಒಡೆಯಾ. ಚೀಲ ಇಟ್ಟು, ಖಾಲಿ ಚೀಲ ತಗೊಂಡು, ಗಂಟೆ ಬಾರಿಸಿ ಬರುತ್ತೇನೆ. ಒಮ್ಮೊಮ್ಮೆ ಬೆನ್ನ ಹಿಂದಿನಿಂದ ಯಾರೋ ಕೂಗಿದ ಹಾಗೆ ಆಗುತ್ತದೆ. ತಿರುಗಬಾರದೆಂದು ಅಪ್ಪಣೆ ಇದೆಯಲ್ಲ. ನನಗಿಂತ ಮುಂಚೆ ಹೊರುತ್ತಿದ್ದವನು, ಅದು ಮನುಷ್ಯರ ದನಿಯಲ್ಲ, ಓಗೊಡಬೇಡ ಎಂದಿದ್ದ."

ಅಧಿಕಾರಿ ಅವನ ತೋಳು ಬಿಟ್ಟ. ಕೊನೆಯ ಕಟ್ಟೆಯನ್ನು ದಾಟಿ ಏರು ಹತ್ತಿದ.

ಊರು ಇದ್ದಲ್ಲೇ ಇತ್ತು. ನಡು ಮಧ್ಯಾಹ್ನ. ಹೊಗೆಯಿಲ್ಲ, ನಾಯಿ ಬೊಗಳಲಿಲ್ಲ. ಬಾಗಿಲುಗಳೆಲ್ಲ ಮುಚ್ಚಿದ್ದವು. ಒಂದೇ ಒಂದು ಅಂಗಳದಲ್ಲೂ ಹುಲ್ಲು ಹುಟ್ಟಿರಲಿಲ್ಲ. ಮಳೆ ಬಂದು ಎಷ್ಟೋ ದಿನವಾಗಿದ್ದರೂ ಗೋಡೆಗಳು ಬೆವರುತ್ತಿದ್ದವು. ಅವನು ಒಂದು ಗೋಡೆಯನ್ನು ಮುಟ್ಟಿ ಬೆರಳನ್ನು ನಾಲಿಗೆಗೆ ತಾಗಿಸಿಕೊಂಡ. ಉಪ್ಪು.

ತಂಗಿಯ ಮನೆ ಅವನಿಗೆ ಗೊತ್ತಿತ್ತು. ಬಾಗಿಲು ತಳ್ಳಿದ. ಬಾಗಿಲು ಅಲುಗಲಿಲ್ಲ. ಒಳಗಿನಿಂದ ಯಾರೋ ಒತ್ತಿ ಹಿಡಿದ ಹಾಗಿತ್ತು. ಕಿಟಕಿಯ ಹತ್ತಿರ ಹೋಗಿ ಇಣುಕಿದ. ಒಳಗೆ ಬೆಳ್ಳಗಿತ್ತು. ನೆಲವಿಲ್ಲ, ಒಲೆಯಿಲ್ಲ, ತೊಟ್ಟಿಲಿಲ್ಲ. ಕಿಟಕಿಯ ಅಂಚಿನ ತನಕ ಉಪ್ಪು ತುಂಬಿತ್ತು. ಪಕ್ಕದ ಮನೆಯಲ್ಲೂ ಉಪ್ಪು. ಅದರಾಚೆಯ ಮನೆಯಲ್ಲೂ ಉಪ್ಪು. ಅವನು ಕಳಿಸಿದ ಉಪ್ಪೆಲ್ಲ ಅಲ್ಲಿತ್ತು.

ಆಗ ಕೆಳಗೆ ಕಟ್ಟೆಯಲ್ಲಿ ಗಂಟೆ ಮೊಳಗಿತು. ಎಲ್ಲಿಂದಲೋ ಒಬ್ಬ ಹೆಂಗಸು ಓಡಿಬಂದು, ಅವನ ಪಕ್ಕದಲ್ಲೇ ಹಾದು, ಇಳಿಜಾರಿನಲ್ಲಿ ಕಟ್ಟೆಯ ಕಡೆ ಓಡಿದಳು. ನಿಲ್ಲು ಎಂದು ಕೂಗಿದಳು. ಸ್ವಲ್ಪ ಹೊತ್ತಿನ ಮೇಲೆ ಚೀಲ ಹೊತ್ತುಕೊಂಡು ಏದುಸಿರು ಬಿಡುತ್ತಾ ಮೇಲೆ ಬಂದಳು. ದಾರಿಯಲ್ಲಿ ಅಧಿಕಾರಿ ನಿಂತಿದ್ದ. ಮರವನ್ನು ಬಳಸಿ ಹೋಗುವ ಹಾಗೆ ಅವನನ್ನು ಬಳಸಿಕೊಂಡು ಮುಂದೆ ಹೋದಳು. ಒಂದು ಮನೆಯ ಮುಂದೆ ನಿಂತು, ಕಿಟಕಿಯಿಂದ ಒಂದು ಪಾಲು ಉಪ್ಪು ಸುರಿದಳು. ಮುಂದಿನ ಮನೆಗೆ ಹೋಗಿ ಅಲ್ಲೂ ಸುರಿದಳು. ಅಧಿಕಾರಿ ಹಿಂದೆಯೇ ಹೋಗಿ ಕೆಮ್ಮಿದ.

ಅವಳು ತಿರುಗದೆಯೇ ಕೇಳಿದಳು. "ನೀನು ಯಾವ ಮನೆಯವನಪ್ಪಾ? ನಿಮ್ಮೆಲ್ಲರ ಪಾಲೂ ಕೊಡುತ್ತಿದ್ದೇನಲ್ಲ. ಹಗಲಲ್ಲೂ ಯಾಕೆ ಎದ್ದು ಬರುತ್ತೀರಿ?"

"ತಾಯೀ, ನಾನು ಕೆಳಗಿನಿಂದ ಬಂದವನು" ಎಂದ ಅಧಿಕಾರಿ.

ಚೀಲ ಅವಳ ಕೈ ಜಾರಿತು. ಹತ್ತಿರ ಬಂದು ಅವನ ಮಣಿಕಟ್ಟು ಹಿಡಿದು ನೋಡಿದಳು. ಬಿಸಿಯಾಗಿತ್ತು.

"ಕೆಳಗೆ ಜನ ಇದ್ದಾರೆಯೇ?" ಎಂದು ಕೇಳಿದಳು.

ಅವನು ಹೌದೆಂದು ತಲೆಯಾಡಿಸಿದ. ಅವಳೇ ಹೇಳುತ್ತಾ ಹೋದಳು. ಊರಿಗೆ ಜ್ವರ ಬಿದ್ದಾಗ ಅವಳು ಕುರಿಗಳ ಜೊತೆ ಮೇಲಿನ ಹುಲ್ಲುಗಾವಲಿನಲ್ಲಿದ್ದಳು. ಇಳಿದು ಬಂದಾಗ ಅರ್ಧ ಊರು ಹೋಗಿತ್ತು. ಜ್ವರ ಕೆಳಗಿನ ಊರುಗಳಿಗೆ ಹರಡದಿರಲೆಂದು, ಯಾರೂ ಕಟ್ಟೆ ದಾಟಬಾರದೆಂದು ಹಿರಿಯರು ಆಣೆ ಹಾಕಿಸಿದ್ದರು. ಉಳಿದವರು ಕಟ್ಟೆಯಿಂದ ದೂರ ನಿಂತು, ಉಪ್ಪು ತರುವವನನ್ನು ಕೂಗಿ ಕರೆಯುತ್ತಿದ್ದರು. ವೈದ್ಯರನ್ನು ಕಳಿಸಲು ಹೇಳಿ ಎನ್ನುತ್ತಿದ್ದರು. ಅವನು ಗಂಟೆ ಬಾರಿಸಿ ಹೋಗಿಬಿಡುತ್ತಿದ್ದ.

"ಒಬ್ಬಳು ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ದಿನವೂ ಹೋಗಿ ನಿಲ್ಲುತ್ತಿದ್ದಳು. ಉಗ್ರಾಣದಲ್ಲಿ ನಮ್ಮಣ್ಣ ಇದ್ದಾನೆ, ಅವನಿಗೊಂದು ಮಾತು ಮುಟ್ಟಿಸಿ ಎಂದು ಕೂಗುತ್ತಿದ್ದಳು. ದನಿ ಹೋಗುವ ತನಕ ಕೂಗಿದಳು. ಆಮೇಲೆ ಮಗು ಹೋಯಿತು. ಆಮೇಲೆ ಅವಳು."

ಅಧಿಕಾರಿ ತಂಗಿಯ ಮನೆಯ ಕಡೆ ತಿರುಗಿ ನೋಡಿದ. "ಎಲ್ಲರೂ ಹೋದ ಮೇಲೂ ಚೀಲ ಯಾಕೆ ಖಾಲಿ ಮಾಡಿದೆ, ತಾಯೀ?" ಎಂದು ಕೇಳಿದ.

"ಮಾಡದಿದ್ದರೆ ಗಂಟೆ ನಿಂತುಹೋಗುತ್ತಿತ್ತು. ಗಂಟೆ ಒಂದೇ ನನಗೆ ಇದ್ದದ್ದು. ಬಾರಿಸುವವನನ್ನು ಎಷ್ಟು ಕೂಗಿದರೂ ತಿರುಗುವುದಿಲ್ಲ. ಅವನೂ ನಮ್ಮ ಊರಿನವರ ಹಾಗೆ ಸತ್ತವನೇ ಎಂದುಕೊಂಡೆ. ಕೆಳಗೂ ಹೀಗೇ ಆಗಿರಬೇಕು ಎಂದುಕೊಂಡೆ. ಆದರೂ ಗಂಟೆ ಕೇಳಿದ ದಿನ ನಿದ್ದೆ ಬರುತ್ತಿತ್ತು."

ಅವನು ಅವಳನ್ನು ಕರೆದುಕೊಂಡು ಇಳಿದ. ಮನುಷ್ಯರನ್ನು ಕಂಡಲ್ಲೆಲ್ಲ ಅವಳು ಮಾತಾಡಿಸಲು ಹೋಗುತ್ತಿದ್ದಳು. ಆಳುಗಳು ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಅವಳು ಅಧಿಕಾರಿಯ ಕಡೆ ನೋಡುತ್ತಿದ್ದಳು, ಇವರು ನಿಜವಾಗಿ ಬದುಕಿದ್ದಾರೆಯೇ ಎಂದು ಕೇಳುವವಳ ಹಾಗೆ. ಅಧಿಕಾರಿ ಪ್ರತಿ ಕಟ್ಟೆಯಲ್ಲೂ ನಿಂತು, ಒಬ್ಬೊಬ್ಬನನ್ನೂ ಹಿಡಿದು, "ತಿರುಗು, ಈಕೆಯೊಡನೆ ಮಾತಾಡು" ಎಂದು ತಾನೇ ಹೇಳಬೇಕಾಯಿತು. ಅವನ ಅಪ್ಪಣೆಯಿಂದ ನಿಂತ ಮಾತು ಅವನ ಅಪ್ಪಣೆಯಿಂದಲೂ ಸುಲಭವಾಗಿ ಹೊರಡಲಿಲ್ಲ. ಕೆಲವರು ಬಾಯಿ ತೆರೆದು ಸುಮ್ಮನೆ ನಿಂತರು. ಒಬ್ಬ ಅತ್ತ.

ಅಧಿಕಾರಿ ಗಂಟೆಗಳನ್ನು ಕೀಳಿಸಿದ. ಚೀಲ ಕೈಯಿಂದ ಕೈಗೇ ಹೋಗಬೇಕು, ಕೊಟ್ಟವನು ತೆಗೆದುಕೊಂಡವನ ಮುಖ ನೋಡಿ, ಊರಿನವರು ಹೇಗಿದ್ದಾರೆ ಎಂದು ಕೇಳಬೇಕು ಎಂದು ಗೊತ್ತುಮಾಡಿದ. ಆ ದಾರಿಯಲ್ಲಿದ್ದ ಉಳಿದ ಊರುಗಳಿಗೆ ಉಪ್ಪು ತಡವಾಗತೊಡಗಿತು. ಅರಸನಿಗೆ ದೂರು ಹೋಯಿತು. ಅರಸ ಅವನನ್ನು ತೆಗೆದು, ಅವನಿಗಿಂತ ಚುರುಕಾದ ಒಬ್ಬನನ್ನು ನೇಮಿಸಿದ. ಹೊಸಬ ಗಂಟೆಗಳನ್ನು ಮತ್ತೆ ಕಟ್ಟಿಸಿದ.

ಉಪಾಧ್ಯರು ಕತೆ ನಿಲ್ಲಿಸಿದರು. ತಿಪ್ಪೇಶ ತನ್ನ ಪ್ರಬಂಧದ ಮೇಲೆ ಕೈಯಿಟ್ಟುಕೊಂಡು, ಅಧಿಕಾರಿಯ ಏರ್ಪಾಡು ಎಲ್ಲಿ ಎಡವಿತೆಂದು ಕತೆಯ ಮೊದಲಿನಿಂದ ಹುಡುಕಿದ. ಅವನಿಗೆ ಸಿಗಲಿಲ್ಲ.

"ಆದರೆ ಮೇಡಂ, ಆ ಸರಪಳಿ ಒಂದು ದಿನವೂ, ಎಲ್ಲಿಯೂ ತುಂಡಾಗಲಿಲ್ಲವಲ್ಲ?"

"ತುಂಡಾಗಿದ್ದರೆ ಯಾರಾದರೂ ಹೋಗಿ ನೋಡುತ್ತಿದ್ದರು" ಎಂದರು ಉಪಾಧ್ಯರು.

ತಿಪ್ಪೇಶ ಪ್ರಬಂಧ ತೆರೆದು, ಅವರು ಗೆರೆ ಎಳೆದಿದ್ದ ಪುಟ ಹುಡುಕಿದ.