ಕಾಗೆ ಓಡಿಸುವ ಕೋಲು

ಹೊಳೆದಂಡೆಯ ಸಣ್ಣ ಮಠ. ಇದ್ದವರು ಮೂವರೇ: ಗುರುಗಳಾದ ಅಜ್ಜನವರು, ಹದಿನಾರರ ಶಿಷ್ಯ ಚೆನ್ನವೀರ, ಮತ್ತೆ ಒಂದು ಮುದಿ ಎತ್ತು.

ಏನೇ ತಪ್ಪಾಗಲಿ, ಹುಡುಗ ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದ. ಅದಕ್ಕೆ ಪೇಟೆಯ ಡಾಕ್ಟರ ಹತ್ತಿರ ಚಿಕಿತ್ಸೆ ನಡೆದಿತ್ತು. ವಾರಕ್ಕೊಮ್ಮೆ ಹೋಗಿ ಮಾತಾಡಿ ಬರುತ್ತಿದ್ದ. ಇನ್ನು ಹಾಗೆ ಮಾಡಿಕೊಳ್ಳುವುದಿಲ್ಲ ಎಂದು ಅವರಿಗೆ ಮಾತೂ ಕೊಟ್ಟಿದ್ದ.

ಒಂದು ದಿನ ಒಲೆಯ ಮೇಲಿನ ಹಾಲು ಉಕ್ಕಿಹೋಯಿತು. ಕೊಟ್ಟ ಮಾತೂ ಹಾಲಿನ ಹಿಂದೆಯೇ ಹೋಯಿತು.

"ಅಜ್ಜಾರ, ನಾಳೆ ನಾ ದವಾಖಾನಿಗೆ ಹೋಗಂಗಿಲ್ರಿ. ಯಾವ ಮುಖ ಇಟ್ಕೊಂಡ್ ಹೋಗ್ಲಿ?"

ಅಜ್ಜನವರು ಅವನ ತೋಳು ತೊಳೆದು, ಔಷಧ ಹಚ್ಚಿ, ಪಟ್ಟಿ ಕಟ್ಟಿದರು. ಆಮೇಲೆ ಕೈಗೊಂದು ಕೋಲು ಕೊಟ್ಟರು.

"ಎತ್ತಿನ ಹೆಗಲ ಮ್ಯಾಲೆ ಹುಣ್ಣಾಗೇತಿ. ಔಷಧ ಹಚ್ಚೀನಿ. ಕಾಗಿ ಕುಕ್ಕದಂಗ ಕಾಯಿ."

ಕಾಗೆ ಬಲು ಹಟಮಾರಿ. ಬಾಲದ ಕಡೆಯಿಂದ ಓಡಿಸಿದರೆ ಕೊಂಬಿನ ಮೇಲೆ ಬಂದು ಕೂತಿತು. ಚೆನ್ನವೀರ ಎತ್ತಿನ ಸುತ್ತ ಗಾಣ ತಿರುಗಿದಂತೆ ತಿರುಗಿದ. ಕಾಗೆಯ ಮನೆತನವನ್ನೆಲ್ಲ ಬೈದ. ಎತ್ತು ಮೆಲುಕು ಹಾಕುತ್ತ ನಿಂತಿತ್ತು.

ಮಧ್ಯಾಹ್ನ ಅವನಿಗೆ ಜೊಂಪು ಹತ್ತಿತು. ಕಾಗೆ ಕುಕ್ಕಿಯೇ ಬಿಟ್ಟಿತು.

ಹುಡುಗ ಅಳುತ್ತ ಓಡಿಬಂದ. "ತಪ್ಪಾತ್ರಿ ಅಜ್ಜಾರ! ಹುಣ್ಣು ಮತ್ತ ಒಡದೈತಿ!"

"ಹಂಗಾರ ಔಷಧ ಬಂದ್ ಮಾಡೂಣು," ಎಂದರು ಅಜ್ಜನವರು. "ಇನ್ನ ಆ ಎತ್ತು ಯಾವ ಮುಖ ಇಟ್ಕೊಂಡ್ ಔಷಧ ಹಚ್ಚಿಸ್ಕೊಂಡೀತು?"

ಚೆನ್ನವೀರನಿಗೆ ಸಿಟ್ಟೇ ಬಂತು. "ಏನ್ ಮಾತ್ರಿ ಇದು! ಒಡದೈತಿ ಅಂದ್ಮ್ಯಾಲೆ ಇನ್ನೂ ಲಗೂನ ಹಚ್ಚಬೇಕ್ರಿ!"

ಹೇಳಿದವನೇ ತನ್ನ ತೋಳು ನೋಡಿಕೊಂಡ.

ಇಬ್ಬರೂ ಹೋಗಿ ಎತ್ತಿಗೆ ಮತ್ತೆ ಔಷಧ ಹಚ್ಚಿದರು.

"ಆದ್ರ ಎತ್ತಿನ ಮಾತು ಬ್ಯಾರೆ ರೀ," ಎಂದ ಹುಡುಗ, ಸಣ್ಣ ದನಿಯಲ್ಲಿ. "ನನ್ನ ಕಾಗಿ ನಾನ ಅಲ್ರಿ?"

ಹಾಗೆನ್ನುತ್ತಲೇ ಅವನ ಬೆರಳುಗಳು ಪಟ್ಟಿಯ ಅಂಚು ಕೆದಕತೊಡಗಿದವು.

"ಹುಶ್!" ಅಜ್ಜನವರು ಕೋಲೆತ್ತಿ ಕೂಗಿದರು. "ಹುಶ್! ಹುಶ್!"

ಚೆನ್ನವೀರ ಹೌಹಾರಿ ಕೈ ತೆಗೆದ. ಎತ್ತು ಕೂಡ ಮೆಲುಕು ನಿಲ್ಲಿಸಿ ನೋಡಿತು. ಹುಡುಗನಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ದಿನದ ಮೇಲೆ ಅವನು ನಕ್ಕಿದ್ದು. ನಗುತ್ತ ನಗುತ್ತ ಅತ್ತೂ ಬಿಟ್ಟ.

"ನಾಳೆ ದವಾಖಾನಿಗೆ ನೀವೂ ಬರ್ರಿ ಅಜ್ಜಾರ."

"ಬರತೀನಿ."

"ಕಾಗಿ ಕುಕ್ಕದಂಗ ಕಾಯ್ತೀನ್ರಿ ನಾನು. ಆದ್ರ ಮತ್ತ ಜೊಂಪು ಹತ್ತಿದ್ರ?"

"ಕೋಲು ನನ್ನ ಕೈಯಾಗ ಕೊಟ್ಟು ಮಕ್ಕೊ."